ಟೈಬೀರಿಯಸನ ಬೆಳ್ಳಿ

"ಇದು ನನ್ನ ನಾಣ್ಯ ಅಲ್ಲ!"

ಅಮೀನಸಾಬರ ಕೂಗಿಗೆ ಗಂಗಾವತಿಯ ಆ ಓಣಿಯೇ ಬೆಚ್ಚಿಬಿತ್ತು. ಬಳೆ ಅಂಗಡಿ ನಡೆಸುತ್ತ ಜೀವಮಾನವಿಡೀ ಕೂಡಿಸಿದ ಹಳೇ ನಾಣ್ಯಗಳ ಪೆಟ್ಟಿಗೆ ಮುಂದೆ ತೆರೆದಿತ್ತು. ಅದರಲ್ಲಿ ಅವರ ಪ್ರಾಣವೆಂದರೆ ರೋಮಿನ ಬೆಳ್ಳಿ ನಾಣ್ಯ—ಒಂದು ಬದಿ ಟೈಬೀರಿಯಸ್ ದೊರೆಯ ಮುಖ, ಇನ್ನೊಂದು ಬದಿ ಕುರ್ಚಿಯಲ್ಲಿ ಕೂತ ಹೆಂಗಸು. ದೊರೆ ಇದ್ದ, ಹೆಂಗಸೂ ಇದ್ದಳು. ಆದರೆ ಕೈಗೆ ಹಗುರ! ಮೇಜಿಗೆ ತಟ್ಟಿದರೆ ಬೆಳ್ಳಿಯ ಠಣ್ ಇಲ್ಲ, ತಗಡಿನ ಸಪ್ಪೆ ಸದ್ದು. ಯಾರೋ ಅಸಲು ಒಯ್ದು ನಕಲು ಇಟ್ಟಿದ್ದರು.

ಯಾರು?

"ಕೇಳೂದೇನೈತ್ರಿ ಸಾಬ್ರ?" ಪಕ್ಕದಲ್ಲಿದ್ದ ಕಳಕಪ್ಪ ಮಾಸ್ತರರು ದನಿ ತಗ್ಗಿಸಿದರು. "ಮನ್ಯಾಗಿನ ಮಂದೀನ. ಅಳಿಯನ ಕೂಡ ಮಾತು ಬಿಟ್ಟೀರಿ. ಸೇಡಿಗೆ ಮಾಡ್ಯಾನ."

ಮಾಸ್ತರರೆಂದರೆ ಅಮೀನಸಾಬರ ಜೀವದ ಗೆಳೆಯ. ಅವರೂ ನಾಣ್ಯದ ಹುಚ್ಚಿನವರೇ. ರೋಮಿನ ಅಕ್ಷರ ಓದಲು ಕಲಿಸಿದವರೂ ಅವರೇ. ಅವರು ಹೇಳಿದ ಮೇಲೆ ಮುಗಿಯಿತಲ್ಲ! ಮನೆಯಲ್ಲೇ ಇದ್ದ ಅಳಿಯ ತಾಹೇರನ ಮೇಲೆ ದೂರು ಹೋಯಿತು.

ಅದೇ ಓಣಿಯಲ್ಲಿ ಬೆಳೆದ ಎಸ್ಸೈ ಮಲ್ಲೇಶ್ವರಿ ಬಂದಾಗ, ಮಗಳು ಅಂಜುಮ ಬಟ್ಟೆಗಂಟು ಹಿಡಿದು ಗಂಡನ ಪಕ್ಕ ನಿಂತಿದ್ದಳು.

"ಅಬ್ಬಾಜಾನ್, ಇವ್ರನ್ನ ಕರ್ಕೊಂಡು ಹೋದ್ರ ನಾನೂ ಈ ಹೊಸ್ತಿಲಾ ತುಳಿಯಂಗಿಲ್ಲ."

ಅಮೀನಸಾಬರು ಮಗಳತ್ತ ನೋಡದೆ ನಕಲಿ ನಾಣ್ಯವನ್ನು ಮಲ್ಲೇಶ್ವರಿಯ ಕೈಗಿಟ್ಟರು.

ಮಲ್ಲೇಶ್ವರಿ ನಕಲನ್ನು ತಿರುಗಿಸಿ ನೋಡಿದಳು. "ಪೆಟ್ಟಿಗಿ ತೆರೆದಿಟ್ಟು ಎದ್ದು ಹೋಗಿದ್ದು ಐತೇನ್ರಿ, ಚಾಚಾ?"

"ಹೋದ ಶುಕ್ರವಾರ. ನಮಾಜಿಗೆ ಹೋಗಿದ್ದೆ. ಮಾಸ್ತರ್ರು ಕುಂತಿದ್ರಲ್ಲ, ಕೀಲಿ ಯಾಕ ಅಂತ ಬಿಟ್ಟೆ. ತಾಹೇರ ಜ್ವರಾ ಬಂದು ಒಳಗ ಮಲಗಿದ್ದ."

"ಮಾಸ್ತರ್ರ, ನೀವು ಆ ನಾಣ್ಯ ಕೈಯಾಗ ಹಿಡಿದದ್ದು ಯಾವಾಗ್ರಿ?"

"ಎರಡು ವರ್ಷ ಆತವ್ವ. ಅಕ್ಷರ ಓದಾಕಂತ ಮೇಣದಾಗ ಅಚ್ಚು ತಗೊಂಡು ಹೊಳ್ಳಿ ಕೊಟ್ಟೆ. ಆಮ್ಯಾಲೆ ಮುಟ್ಟಿಲ್ಲ."

"ನೀವು, ತಾಹೇರಣ್ಣ?"

"ಹೋದ ರಂಜಾನದಾಗ. ಒಮ್ಮಿ ಅಷ್ಟ," ತಾಹೇರ ನೆಲ ನೋಡಿದ. "ಕೈ ಜಾರಿ ಒಳಕಲ್ಲಿನ ಮ್ಯಾಲೆ ಬಿತ್ತು. ಹಳೇ ಬೆಳ್ಳಿ—ಅಂಚು ಮುಕ್ಕಾತು. ಅವತ್ತಿನಿಂದ ಮಾಮಾ ನನ್ನ ಕೂಡ ಮಾತಾಡಿಲ್ಲ."

"ಸಿಟ್ಟು ತೀರಿಸ್ಕೊಂಡಾನ, ನೋಡವ್ವ!" ಎಂದರು ಅಮೀನಸಾಬರು.

"ಚಾಚಾ, ಮುಕ್ಕಾದದ್ದು ಮಾಸ್ತರ್ರಿಗೆ ಹೇಳಿದ್ರೇನು?"

"ಇಲ್ಲ... ನಾಣ್ಯ ಜ್ವಾಪಾನ ಮಾಡಾಕ ಬರದವ ಅಂತ ನಗತಾರೇನೋ ಅಂತ ಮುಚ್ಚಿಟ್ಟಿದ್ದೆ."

"ಹಂಗಾದ್ರ ಇದರ ಅಂಚು ಸವರ್ರಿ."

ಅಮೀನಸಾಬರು ಬೆರಳಾಡಿಸಿದರು. ಸುತ್ತಲೂ ನುಣುಪು! ಸಿಟ್ಟಿನ ಭರದಲ್ಲಿ ಮುಖ ನೋಡಿದ್ದರು, ಅಕ್ಷರ ನೋಡಿದ್ದರು. ಅಂಚು ನೋಡಬೇಕೆಂದು ಹೊಳೆದಿರಲೇ ಇಲ್ಲ.

"ನಾಣ್ಯ ಬೀಳೂದಕ್ಕಿಂತ ಮೊದಲಿನ ಅಚ್ಚಿನ್ಯಾಗ ಎರಕಾ ಹೊಯ್ದ ನಕಲು ಇದು," ಎಂದಳು ಮಲ್ಲೇಶ್ವರಿ. "ತಾಹೇರಣ್ಣ ಮಾಡಿಸಿದ್ರ, ತಾವ ಕೆಡವಿ ಮಾಡಿದ ಮುಕ್ಕು ಮರೀತಿದ್ರೇನು? ಮುಕ್ಕಿಲ್ಲದ ಅಚ್ಚು ಒಬ್ರ ಹಂತ್ಯಾಕ ಐತಿ. ಶುಕ್ರವಾರ ಪೆಟ್ಟಿಗಿ ಮುಂದ ಕುಂತವ್ರೂ ಅವ್ರ. ಮಾಸ್ತರ್ರ, ಅಸಲು ತೆಗೀರಿ!"

ಮಾಸ್ತರರ ಎಲೆಯಡಿಕೆ ಸಂಚಿಯ ಒಳಚೀಲದಿಂದ ಹತ್ತಿಯ ಉಂಡೆಯೊಂದು ಹೊರಬಂತು. ಒಳಗೆ ನಾಣ್ಯ. ಅಂಚಿನಲ್ಲಿ ಮುಕ್ಕು.

"ನನ್ನ ಸಂಗ್ರಹದಾಗ ಈ ದೊರಿ ಒಬ್ಬನ ಇರಲಿಲ್ರಿ, ಸಾಬ್ರ... ಮನಿಗೆ ಹೋದ ಮ್ಯಾಲೆ ಮುಕ್ಕು ಕಂಡ್ತು. ಅಷ್ಟರಾಗ ಪೆಟ್ಟಿಗಿಗೆ ಕೀಲಿ ಬಿದ್ದಿತ್ತು, ಹೊಳ್ಳಿ ಇಡಾಕ ಆಗಲಿಲ್ಲ."

ಬಾಗಿಲಲ್ಲಿದ್ದ ಅಮೀನಸಾಬರ ಹೆಂಡತಿ ಶಾಹಜಾದಬಿ ಬಾಯಿ ತೆರೆದಳು. "ತಾವು ಕಣ್ಣು ಮುಚ್ಚಿದ ಮ್ಯಾಲೆ ಈ ನಾಣ್ಯ ಮಾಸ್ತರ್ರಿಗೆ ಕೊಡು, ಮನ್ಯಾಗ ಯಾರಿಗೂ ಓದಾಕ ಬರಂಗಿಲ್ಲ ಅಂತ ಇವ್ರು ನನ್ನ ಮುಂದ ಹೇಳಿದ್ರಲ್ರಿ!"

ಮಾಸ್ತರರು ನಾಣ್ಯವನ್ನು ಅಮೀನಸಾಬರ ಮುಂದೆ ಇಟ್ಟರು.

"ಕದ್ದದ್ದು ಹೋಗಲಿ ಬಿಡೋ," ಅಮೀನಸಾಬರ ದನಿ ಒಡೆಯಿತು. ಇಷ್ಟು ವರ್ಷದಲ್ಲಿ ಗೆಳೆಯನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನನ್ನ ಮಗಳ ಮನಿ ಮುರಿಯಾಕ ನನ್ನ ಕೈಲೇನ ದೂರು ಕೊಡಿಸಿದ್ಯಲ್ಲೋ!"

ಮಾಸ್ತರರನ್ನು ಜೀಪು ಕರೆದೊಯ್ದಿತು. ಅಮೀನಸಾಬರು ನಾಣ್ಯವನ್ನು ಅಳಿಯನ ಮುಂದೆ ಹಿಡಿದರು. "ತಗೋಪ್ಪಾ. ನೀನ ಪೆಟ್ಟಿಗ್ಯಾಗ ಇಡು."

ತಾಹೇರ ಎರಡೂ ಕೈ ಹಿಂದೆ ಕಟ್ಟಿಕೊಂಡ.

"ಬ್ಯಾಡ್ರಿ ಮಾಮಾ. ಮತ್ತ ಬಿದ್ದೀತು."

ಅಂಜುಮ ಗಂಟನ್ನು ಇನ್ನೂ ಕೆಳಗಿಟ್ಟಿರಲಿಲ್ಲ.