ಬೆನ್ನು ತಿರುಗಿಸಿ ಕೂರುವ ಮೇಷ್ಟ್ರು

"ರೀ, ಇದು ಪಾಠಾನಾ ಇಲ್ಲಾ ಅಕ್ಕಪಕ್ಕದವರ ತಾಳ್ಮೆ ಪರೀಕ್ಷೆನಾ?"

ಬಾಗಿಲು ತಟ್ಟುವ ವ್ಯವಧಾನವೂ ಅವಳಿಗಿರಲಿಲ್ಲ. ತಳ್ಳಿಕೊಂಡೇ ಒಳಗೆ ನುಗ್ಗಿದ್ದಳು.

ಮೇಲಿನ ಮಹಡಿಯಲ್ಲಿ ವಯಲಿನ್ ಪಾಠ ಹೇಳುವವಳು ಅವಳು. ಕೆಳಗಿನ ಕೋಣೆಗೆ ಹೊಸದಾಗಿ ಬಾಡಿಗೆಗೆ ಬಂದವನು ಚೆಲ್ಲೋ ಮೇಷ್ಟ್ರು. ಚೆಲ್ಲೋ ಅಂದರೆ ವಯಲಿನ್ನಿನ ದೊಡ್ಡಣ್ಣ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ವಾದ್ಯ. ಅವತ್ತು ಬೆಳಗಿನಿಂದ ಆ ಕೋಣೆಯಿಂದ ಬರುತ್ತಿದ್ದದ್ದು ಒಂದೇ ಒಂದು ಸ್ವರ! ಮುಂದಕ್ಕೂ ಹೋಗದು, ನಿಲ್ಲಲೂ ನಿಲ್ಲದು. ಮೇಲೆ ಮಕ್ಕಳೆಲ್ಲ ತಾಳ ತಪ್ಪಿ ಕಿಸಕ್ಕನೆ ನಗುತ್ತಿದ್ದರೆ ಯಾವ ಟೀಚರ್ ತಾನೇ ಸುಮ್ಮನಿದ್ದಾಳು?

ಒಳಗಿನ ದೃಶ್ಯ ನೋಡಿ ಅವಳ ಸಿಟ್ಟು ಇನ್ನಷ್ಟು ಏರಿತು. ದಪ್ಪ ಮೀಸೆಯ ಬಸ್ ಡ್ರೈವರ್ ಒಬ್ಬರು ಬೆವರು ಸುರಿಸುತ್ತಾ ಚೆಲ್ಲೋ ಮೇಲೆ ಕಮಾನು ಎಳೆಯುತ್ತಿದ್ದರು. ಮೇಷ್ಟ್ರು ಅನ್ನಿಸಿಕೊಂಡವನು ಅವರಿಗೆ ಬೆನ್ನು ತಿರುಗಿಸಿ, ಕಿಟಕಿಯತ್ತ ಮುಖ ಮಾಡಿ ಆರಾಮಾಗಿ ಕೂತಿದ್ದ!

"ಶಿಷ್ಯರ ಕಡೆ ತಿರುಗೂ ನೋಡಲ್ವಾ? ನಿದ್ದೆನಾ?"

ಅವನು ತಿರುಗಲಿಲ್ಲ. "ಮೇಲಿನ ಮನೆ ಟೀಚರ್ ಅಲ್ವಾ? ಮೆಟ್ಟಿಲಿಳಿಯೋವಾಗ ನಿಮ್ಮ ಬಲಗಾಲಿಗೆ ಎಡಗಾಲಿಗಿಂತ ಸಿಟ್ಟು ಜಾಸ್ತಿ. ಒಂದೇ ನಿಮಿಷ ತಡ್ಕೊಳ್ಳಿ... ಅಣ್ಣಾ, ಇನ್ನೊಂದ್ಸಲ ಎಳೀರಿ. ಚೆನ್ನಾಗಿ ಬರ್ಲಿ ಅನ್ಕೋಬೇಡಿ. ಸುಮ್ನೆ ಕೇಳಿಸ್ಕೊಳ್ಳಿ."

ಅಬ್ಬಾ, ಏನು ಜಂಬ! ಇನ್ನೇನು ನಾಲ್ಕು ಮಾತು ಬಿಗಿಯಬೇಕು ಅನ್ನುವಷ್ಟರಲ್ಲಿ ಡ್ರೈವರ್ ಕಣ್ಣು ಮುಚ್ಚಿದರು. ಕಮಾನು ನಿಧಾನವಾಗಿ ಚಲಿಸಿತು.

ಅದೇ ಸ್ವರ... ಆದರೆ ಅದೇ ಅಲ್ಲ!

ಕರಕರ ಎನ್ನುತ್ತಿದ್ದದ್ದು ತಟ್ಟನೆ ತೆರೆದುಕೊಂಡಿತು. ಅವಳ ಅಂಗಾಲಿನಿಂದ ಏರಿ ಎದೆಗೂಡಿನವರೆಗೂ ತುಂಬಿತು. ಕಿಟಕಿಯ ಗಾಜು ಸಣ್ಣಗೆ ಝೇಂಕರಿಸಿತು. ಡ್ರೈವರ್ ಕಣ್ಣು ತೆರೆದು, ಇದು ತನ್ನ ಕೈಯಿಂದಲೇ ಬಂತೇ ಎಂಬಂತೆ ಅಂಗೈ ನೋಡಿಕೊಂಡರು.

ಅವಳು ಬಂದ ಕೆಲಸವೇ ಮರೆತುಹೋಗಿತ್ತು. 'ಇಷ್ಟು ವರ್ಷ ಪಾಠ ಹೇಳಿದ್ದೀನಿ... ನನ್ನ ಯಾವ ಶಿಷ್ಯರ ಮುಖದಲ್ಲೂ ಈ ಬೆರಗು ನೋಡಿಲ್ವಲ್ಲ!' ಎಂದು ಒಳಗೊಳಗೇ ಚುಚ್ಚಿತು. ಮೆಟ್ಟಿಲು ಹತ್ತಿದಳು.

ಅವಳ ಪಾಠದ ರೀತಿಯೇ ಬೇರೆ. ಹೊಸದಾಗಿ ಸೇರಿದವರ ಕೈಗೆ ಕಮಾನೇ ಕೊಡುತ್ತಿರಲಿಲ್ಲ. ಪೆನ್ಸಿಲ್ ಹಿಡಿಸಿ, "ಮಣಿಕಟ್ಟು ಸಡಿಲ! ಹೆಬ್ಬೆರಳು ಬಾಗ್ಲಿ! ಭುಜ ಇಳಿಸು!" ಎಂದು ತಿಂಗಳುಗಟ್ಟಲೆ ತಿದ್ದುತ್ತಿದ್ದಳು. ಮೇಜಿನ ಮೇಲೆ ತಾಳದ ಯಂತ್ರ ಟಿಕ್ ಟಿಕ್ ಅನ್ನುತ್ತಲೇ ಇರಬೇಕು. ಮಕ್ಕಳು ಅವಳಿಗಿಟ್ಟ ಹೆಸರು 'ಟಿಕ್‌ಟಿಕ್ ಟೀಚರ್'. ಕೆಳಗಿನವನಿಗೆ 'ಬೆನ್ನು ಮೇಷ್ಟ್ರು' ಎಂಬ ಹೆಸರು ಬೀಳಲು ಬಹಳ ದಿನ ಬೇಕಾಗಲಿಲ್ಲ.

ಅಲ್ಲಿಂದ ಮುಂದೆ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಇಬ್ಬರಿಗೂ ಜಟಾಪಟಿ.

"ಬೆನ್ನು ತೋರಿಸೋದು ಯಾವ ಸೀಮೆ ಪಾಠ ರೀ?"

"ಎದುರಿಗೆ ಕೂತ್ರೆ ಅವರು ನನ್ನ ಮುಖ ನೋಡ್ತಾರೆ. ನನ್ನ ಹುಬ್ಬು ಏರಿದ್ರೆ ಅವರ ಕೈ ನಡುಗುತ್ತೆ. ಹುಬ್ಬೇ ಕಾಣಿಸದಿದ್ರೆ ಪಾಪ, ವಿಧಿಯಿಲ್ದೆ ತಮ್ಮ ಸ್ವರಾನೇ ಕೇಳಿಸ್ಕೋತಾರೆ."

"ಬೆರಳು ತಪ್ಪು ಜಾಗಕ್ಕೆ ಒಗ್ಗಿಹೋದ್ರೆ ಆಮೇಲೆ ಬಿಡಿಸೋರು ಯಾರು? ನಿಮ್ಮ ಬೆನ್ನಾ?"

ಅವನು ಗೊಳ್ಳನೆ ನಕ್ಕುಬಿಟ್ಟ. ಹಾಳಾದ್ದು, ಅವಳಿಗೂ ನಗು ಬಂತು.

ಅವಳ ಮಾತೂ ಸುಳ್ಳಾಗಲಿಲ್ಲ. ಒಂದು ಸಂಜೆ ಅವನು ಮುಖ ಸಣ್ಣದು ಮಾಡಿಕೊಂಡು ಅವಳ ಬಾಗಿಲಲ್ಲಿ ನಿಂತಿದ್ದ. ಹಿಂದೆ ಡ್ರೈವರ್ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದರು.

"ನೋವು ಅಂತಿದ್ದಾರೆ. ತಪ್ಪು ನಂದೇ, ಸ್ವರ ಕೇಳ್ತಾ ಕೇಳ್ತಾ ಕೈ ನೋಡೋದನ್ನೇ ಬಿಟ್ಟೆ. ನೀವು ಸ್ವಲ್ಪ ನೋಡ್ತೀರಾ?"

ಅವಳು ಕೆಳಗಿಳಿದು, ಚೆಲ್ಲೋ ಹಿಡಿದು ಕೂತ ಡ್ರೈವರ್ ಹಿಡಿತ ಬಿಡಿಸಿ, ಹೆಬ್ಬೆರಳು ಬಾಗಿಸಿ, ಮೊಣಕೈ ಕೊಂಚ ಎತ್ತಿದಳು. "ಈಗ ಎಳೀರಿ."

"ಅಯ್ಯೋ, ನೋವೇ ಇಲ್ಲ ಕಣಮ್ಮಾ!"

ಮೇಷ್ಟ್ರು ಅವಳ ಬೆರಳುಗಳನ್ನೇ ನೋಡುತ್ತಾ ನಿಂತಿದ್ದ. "ಇಷ್ಟು ಸೂಕ್ಷ್ಮ ನನಗೆ ಈ ಜನ್ಮದಲ್ಲಿ ಬರಲ್ಲ," ಅಂದ. ಆ ದನಿಯಲ್ಲಿ ಹೊಗಳಿಕೆಯಿರಲಿಲ್ಲ, ಶುದ್ಧ ವಿಸ್ಮಯವಿತ್ತು. ಇಷ್ಟು ದಿನ ಅವಳ ಶಿಸ್ತಿಗೆ ಹೆದರಿದವರಿದ್ದರು, ಬೆರಗಾದವರು ಯಾರೂ ಇರಲಿಲ್ಲ.

ಅವತ್ತಿನಿಂದ ಅವಳ ಕಿವಿ ಸದಾ ಕೆಳಗೇ! ಮೆಟ್ಟಿಲ ಮಾತು ಗಂಟೆಗಟ್ಟಲೆಯಾಯಿತು. ಅವಳ ಪಾಠದಲ್ಲಿ ತಾಳದ ಯಂತ್ರ ನಿಂತುಹೋಗಿದ್ದನ್ನು ಎಷ್ಟೋ ಸಲ ಮಕ್ಕಳೇ ನೆನಪಿಸಬೇಕಾಯಿತು.

ಇದನ್ನೆಲ್ಲ ಗಮನಿಸಿದವರು ಮನೆಯಲ್ಲೇ ಇದ್ದ ಅತ್ತಿಗೆ, ಅಣ್ಣನ ಹೆಂಡತಿ.

"ನಿನ್ನ ಮುಖದಲ್ಲಿ ಕಳೆ ಬಂದಿದೆ ಬಿಡು. ಎಲ್ಲಾ ಅತ್ತೆ ದಯೆ."

"ಅಮ್ಮಂದಾ? ಅಮ್ಮ ಏನು ಮಾಡಿದ್ರು?"

ಅತ್ತಿಗೆ ನಾಲಿಗೆ ಕಚ್ಚಿಕೊಂಡರು. ಆದರೆ ಅತ್ತಿಗೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? "ನೀನು ಮಧ್ಯಾಹ್ನ ಶಾಲೆಗೆ ಪಾಠಕ್ಕೆ ಹೋದಾಗ ಅತ್ತೆ ಕೆಳಗಿಳೀತಾರೆ. ಹೊಲಿಯೋಕೆ ಬಟ್ಟೆ ತಗೊಂಡು ಬರ್ತೀನಿ ಅಂತಾರೆ, ಬರೋದು ಬರಿಗೈಲಿ. ಮೇಷ್ಟ್ರ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಾತಾಡ್ತಾರೆ. ಇನ್ಯಾವ ಮಾತು ಇರುತ್ತೆ? ನಿನ್ನ ಮದುವೆದೇ!"

ಅವಳು ಕೈಲಿದ್ದ ಕಮಾನು ಕೆಳಗಿಟ್ಟಳು.

ಹಿಂದೊಮ್ಮೆ ಹೀಗೇ ಆಗಿತ್ತು. ನೋಡಿಹೋದ ಗಂಡು "ಹುಡುಗಿ ತುಂಬಾ ಬಿಗಿ, ಹತ್ರ ಹೋಗೋಕೇ ಭಯ" ಎಂದಾಗ, ಟೈಲರ್ ಅಮ್ಮ ಹೊಲಿಗೆ ಬಿಟ್ಟು ಅವರ ಮನೆಗೆ ಹೋಗಿ ಅಂಗಲಾಚಿ ಬಂದಿದ್ದರು. ಆ ಅವಮಾನ ಇನ್ನೂ ಹಸಿಯಾಗಿತ್ತು.

'ಹಾಗಾದ್ರೆ ಆ ನಗು, ಆ ಬೆರಗು... ಎಲ್ಲಾ ಅಮ್ಮ ಬೇಡಿಕೊಂಡಿದ್ದಕ್ಕಾ? ನನ್ನನ್ನ ನನಗೋಸ್ಕರ ಯಾರೂ ಇಷ್ಟಪಡೋದೇ ಇಲ್ವಾ?'

ಅವನು ಮೆಟ್ಟಿಲ ಬಳಿ ಎಂದಿನಂತೆ ನಗುತ್ತಾ ಎದುರಾದ. ಅವಳ ಕಣ್ಣು ಕೆಂಪಾಗಿದ್ದವು.

"ನಮ್ಮಮ್ಮ ನಿಮ್ಮ ಹತ್ರ ಬರ್ತಾರಾ?"

ಅವನ ನಗು ಮಾಯವಾಯಿತು. "ಬರ್ತಾರೆ."

"ಯಾಕೆ?"

"ಅದು... ಹೇಳಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೀನಿ."

"ಇನ್ನೇನು ಹೇಳೋದಿದೆ ಬಿಡಿ! ನಮ್ಮಮ್ಮನ ಮುಲಾಜಿಗೆ ಬಿದ್ದು ನೀವು ನನ್ನ ಜೊತೆ ನಗಬೇಕಾಗಿಲ್ಲ. ನನಗೆ ಯಾರ ಕನಿಕರಾನೂ ಬೇಡ!"

"ಟೀಚರ್, ಒಂದ್ನಿಮಿಷ... ನೀವಂದುಕೊಂಡ ಹಾಗಲ್ಲ..."

ಅವಳು ನಿಲ್ಲಲಿಲ್ಲ. ಮರುದಿನದಿಂದ ಅವನ ಹೆಜ್ಜೆ ಕೇಳಿದರೂ ಬಾಗಿಲು ಹಾಕಿಕೊಂಡಳು. ಮಕ್ಕಳಿಗೆ ವಿನಾಕಾರಣ ಬೈದಳು. ಕೆಳಗೆ ಚೆಲ್ಲೋ ಹಾಡಿದರೆ ಎದೆ ಹಿಂಡಿದಂತಾಗುತ್ತಿತ್ತು, ಹಾಡದಿದ್ದರೆ ಇನ್ನೂ ಜಾಸ್ತಿ.

ಆ ವಾರವೇ ಶಾಲೆಗೆ ಇದ್ದಕ್ಕಿದ್ದಂತೆ ರಜೆ ಕೊಟ್ಟರು. ಮಧ್ಯಾಹ್ನಕ್ಕೇ ಮರಳಿದಾಗ ಬಾಗಿಲ ಬಳಿ ಅಮ್ಮನ ಚಪ್ಪಲಿ ಇರಲಿಲ್ಲ. ಮೆಟ್ಟಿಲಿನಿಂದ ಬಗ್ಗಿ ನೋಡಿದರೆ ಅದು ಕೆಳಗೆ, ಮೇಷ್ಟ್ರ ಹೊಸ್ತಿಲ ಮುಂದಿತ್ತು!

'ಮತ್ತೆ ಬೇಡ್ಕೊಳ್ಳೋಕೆ ಹೋಗಿದ್ದಾರೆ. ಇವತ್ತು ಎರಡರಲ್ಲೊಂದು ಆಗೇ ಹೋಗ್ಲಿ!' ದಡದಡನೆ ಇಳಿದಳು. ಬಾಗಿಲ ಹಿಡಿಗೆ ಕೈ ಹಾಕಿದಳು.

ಒಳಗಿನಿಂದ ಒಂದು ಸ್ವರ ಕೇಳಿತು.

ನಡುಗುತ್ತಾ ಹುಟ್ಟಿ, ನೆಲೆ ಹುಡುಕಿ, ನಿಂತಿತು. ಅದರ ಹಿಂದೆ ಇನ್ನೊಂದು, ಮತ್ತೊಂದು... ಯಾವ ಹಾಡೂ ಅಲ್ಲ, ಬರೀ ಏರಿ ಇಳಿಯುವ ಕೆಲವೇ ಸ್ವರಗಳು. ಆದರೆ ಎಂಥ ನಾದ ಅದು! ಒಂದು ಇಡೀ ಆಯಸ್ಸು ಬಾಯಿ ಬಿಟ್ಟು ಮಾತಾಡಿದ ಹಾಗಿತ್ತು.

ಮೆಲ್ಲಗೆ ಬಾಗಿಲು ಸರಿಸಿದಳು.

ಕಿಟಕಿಯತ್ತ ಮುಖ ಮಾಡಿ ಮೇಷ್ಟ್ರು ಕೂತಿದ್ದ. ಅವನ ಬೆನ್ನ ಹಿಂದೆ, ಚೆಲ್ಲೋವನ್ನು ತಬ್ಬಿಕೊಂಡು ಕಮಾನು ಎಳೆಯುತ್ತಿದ್ದದ್ದು... ಅಮ್ಮ!

ಜೀವನವಿಡೀ ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿ ಬಾಗಿದ ಬೆನ್ನು ನೆಟ್ಟಗಿತ್ತು. ಕಣ್ಣು ಮುಚ್ಚಿದ್ದವು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು ತಂತಿಯ ಮೇಲೆ ಜೋಪಾನವಾಗಿ ಕೂತಿದ್ದವು. ಅವಳು ಉಸಿರಾಡಲೂ ಹೆದರಿ ನಿಂತಳು. ಆ ಮುಖವನ್ನು ಹುಟ್ಟಿದಾಗಿನಿಂದ ನೋಡಿದ್ದಳು... ಇಷ್ಟು ಸುಂದರವಾಗಿ ಎಂದೂ ನೋಡಿರಲಿಲ್ಲ.

ಆಗ ಅವಳ ಟೀಚರ್ ಕಣ್ಣು ಅಮ್ಮನ ಬಲಗೈ ಮೇಲೆ ಬಿತ್ತು. ಮಣಿಕಟ್ಟು ಸಡಿಲ. ಹೆಬ್ಬೆರಳು ಬಾಗಿದೆ. ಭುಜ ಇಳಿದಿದೆ. ತಿದ್ದಲು ಏನೇನೂ ಇಲ್ಲ!

"ಅಮ್ಮಾ... ಈ ಹಿಡಿತ ಯಾರು ಕಲಿಸಿದ್ದು?"

ಅಮ್ಮ ಬೆಚ್ಚಿ ಕಣ್ಣು ತೆರೆದರು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ಕಮಾನು ಹಿಂದಕ್ಕೆ ಮುಚ್ಚಿಟ್ಟರು.

"ನೀನೇ ಕಣೆ. ಇನ್ಯಾರು? ನೀನು ಆ ರೂಮಲ್ಲಿ ಮಕ್ಕಳಿಗೆ ಕೂಗ್ತಿದ್ರೆ, ನಾನು ಈ ರೂಮಲ್ಲಿ ಬಟ್ಟೆ ಅಳೆಯೋ ಕೋಲು ಹಿಡ್ಕೊಂಡು ಮಾಡ್ತಿದ್ದೆ. ಎಷ್ಟು ವರ್ಷದಿಂದ..."

"ನನ್ನನ್ನೇ ಕೇಳಬಹುದಿತ್ತಲ್ಲಮ್ಮಾ!"

"ಒಂದ್ಸಲ ಕೇಳಿದ್ದೆ. ನೀನು ನನ್ನ ಬೆರಳು ನೋಡಿ, 'ಇದಕ್ಕೆಲ್ಲಾ ಆಗಲ್ಲಮ್ಮ, ಸುಮ್ನಿರು' ಅಂದೆ." ಅಮ್ಮ ನಕ್ಕರು. "ಆಮೇಲೆ ಕೇಳೋಕೆ ಭಯ ಆಯ್ತು ಕಣೆ. ಒಂದಷ್ಟು ಚೆನ್ನಾಗಿ ಬಂದ್ಮೇಲೆ ನಾನೇ ತೋರಿಸೋಣ, ಅಲ್ಲೀವರೆಗೂ ಬಾಯಿ ಬಿಡಬೇಡಪ್ಪಾ ಅಂತ ಈ ಹುಡುಗನಿಗೆ ಆಣೆ ಹಾಕಿದ್ದೆ."

ಅವಳಿಗೆ ಆ ಮಾತು ಆಡಿದ ನೆನಪೇ ಇರಲಿಲ್ಲ! ಅಮ್ಮನ ಕಾಲ ಬಳಿ ಕುಸಿದು, ಆ ಒರಟು ಬೆರಳುಗಳನ್ನು ಕಣ್ಣಿಗೊತ್ತಿಕೊಂಡು ಬಿಕ್ಕಳಿಸಿದಳು. "ತಪ್ಪಾಯ್ತಮ್ಮಾ... ತಪ್ಪಾಯ್ತು."

"ಏಳೇ, ಹುಚ್ಚು ಹುಡುಗಿ. ತಂತಿ ಮೇಲೆ ಕಣ್ಣೀರು ಬಿದ್ರೆ ತುಕ್ಕು ಹಿಡಿಯುತ್ತೆ, ವಾದ್ಯ ಅವನದು." ಅಮ್ಮ ಅವಳ ತಲೆ ನೇವರಿಸಿದರು. ಇನ್ನೂ ಕಿಟಕಿಯತ್ತಲೇ ಕೂತಿದ್ದವನನ್ನೊಮ್ಮೆ, ಮಗಳನ್ನೊಮ್ಮೆ ನೋಡಿ ಮೆಲ್ಲಗೆ ಎದ್ದರು. "ನಂಗೆ ರವಿಕೆ ಹೊಲಿಯೋದಿದೆ, ಬರ್ತೀನಿ." ಚಪ್ಪಲಿ ಸದ್ದು ಮೇಲಕ್ಕೆ ಹೋಯಿತು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಈಗ ತಿರುಗಬಹುದಾ?" ಅವನು ಕೇಳಿದ.

"ಬೇಡ! ನಿಮ್ಮ ಮುಖ ನೋಡಿದ್ರೆ ನನಗೆ ಮಾತು ಬರಲ್ಲ." ಅವಳು ಕಣ್ಣೊರೆಸಿಕೊಂಡಳು. "ಅಮ್ಮ ನಿಮ್ಮನ್ನ ಬೇಡ್ಕೊಂಡಿದ್ದಾರೆ, ಅದಕ್ಕೇ ನನ್ನ ಜೊತೆ ಚೆನ್ನಾಗಿದ್ದೀರ ಅಂದ್ಕೊಂಡೆ. ಏನೇನೋ ಅಂದುಬಿಟ್ಟೆ. ಅಷ್ಟು ಉರಿದಿದ್ದು ಯಾಕೆ ಗೊತ್ತಾ? ಅದು ನಿಜ ಆಗಿರಬಾರ್ದು ಅಂತ... ನಿಮಗೆ ನಿಜವಾಗ್ಲೂ ನಾನು ಇಷ್ಟ ಆಗಿರ್ಲಿ ಅಂತ ಆಸೆ ಇತ್ತು. ಯಾಕಂದ್ರೆ ನನಗೆ... ನೀವಂದ್ರೆ ತುಂಬಾ ಇಷ್ಟ."

ಅವನು ತಿರುಗಿಯೇಬಿಟ್ಟ. ಅವನ ಕೆನ್ನೆಯೂ ಒದ್ದೆಯಾಗಿತ್ತು.

"ಅಮ್ಮ ನನ್ನನ್ನ ಏನೂ ಕೇಳ್ಲಿಲ್ಲ. ನಾನೇ ಅವರನ್ನ ಕೇಳ್ದೆ, ನಿಮ್ಮ ಮಗಳನ್ನ ನನಗೆ ಕೊಡ್ತೀರಾ ಅಂತ."

"ಅಮ್ಮ... ಏನಂದ್ರು?"

"'ನಾನು ಬಂದಿರೋದು ಪಾಠಕ್ಕೆ. ಅದನ್ನ ಅವಳನ್ನೇ ಕೇಳು' ಅಂತ ಬೈದ್ರು. ಕೇಳೋಣ ಅಂತ ಧೈರ್ಯ ಮಾಡ್ಕೊಂಡು ಬಂದ ದಿನಾನೇ ನೀವು ಬಾಗಿಲು ಹಾಕ್ಕೊಂಡ್ರಿ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಆಮೇಲೆ ನಗು ನಿಂತು ದನಿ ಸಣ್ಣದಾಯಿತು.

"ಶಿಷ್ಯರಿಗೆ ನನ್ನ ಕಂಡ್ರೆ ಭಯ. ನೋಡೋಕೆ ಬಂದ ಗಂಡಿಗೆ ಭಯ. ಕೊನೆಗೆ ಹೆತ್ತಮ್ಮನಿಗೂ ಭಯ... ನಿಮಗೆ ಆಗಲ್ವಾ?"

ಅವನು ಹತ್ತಿರ ಬಂದು, ಅವಳ ಬೆರಳುಗಳನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. ಅವನ ಕೈ ನಿಜಕ್ಕೂ ನಡುಗುತ್ತಿತ್ತು.

"ತುಂಬಾ ಆಗುತ್ತೆ," ಅಂದ. "ಆದ್ರೂ ನೀವೇ ಬೇಕು."

"ನನಗೂ..." ಅಂದಳು ಅವಳು, ಅವನ ಮುಖವನ್ನೇ ನೋಡುತ್ತಾ.