ಕಾಲ ಮರೆತ ಹುಲ್ಲು

ಬಹಳ ಬಹಳ ಹಿಂದೆ, ಕಣ್ಣು ಹಾಯುವಷ್ಟು ದೂರಕ್ಕೂ ಹುಲ್ಲೇ ಹಬ್ಬಿದ್ದ ಗರಿಕೆನಾಡು ಎಂಬ ರಾಜ್ಯವಿತ್ತು. ತೃಣಶೇಖರನೆಂಬ ರಾಜ ಅದನ್ನು ಆಳುತ್ತಿದ್ದ. ಈಚೆಗೆ ಅಲ್ಲಿ ಮನೆಮನೆಯಲ್ಲೂ ತಾನಾಗಿ ಆರದ ದೀಪ ಉರಿಯುತ್ತಿತ್ತು. ಅಲ್ಲಿ ಮಾಳವ್ವ ಎಂಬ ಹೆಣ್ಣುಮಗಳು ತನ್ನ ತಾತನೊಂದಿಗೆ ಕುರಿ ಮೇಯಿಸಿಕೊಂಡು ಬದುಕಿದ್ದಳು. ಮುಂಗಾರಿಗೆ ಹುಲ್ಲು ಚಿಗುರುತ್ತಿತ್ತು, ಹಿಂಗಾರಿಗೆ ತೆನೆಗಟ್ಟುತ್ತಿತ್ತು, ಚಳಿಗೆ ಹೊನ್ನಿನ ಬಣ್ಣಕ್ಕೆ ತಿರುಗಿ ಮಲಗುತ್ತಿತ್ತು. ಅದು ತಪ್ಪಿದ್ದೇ ಇಲ್ಲ.

ಒಂದು ವರ್ಷ ತಪ್ಪಿತು. ಚಳಿಗಾಲದಲ್ಲೇ ಹುಲ್ಲು ಚಿಗುರಿತು. ಮಳೆಗೆ ಮೊದಲೇ ತೆನೆ ಬಿಟ್ಟಿತು. ಆಮೇಲೆ ಒಂದೇ ಏಟಿಗೆ ಸುರಿದ ಮಳೆ ಬೀಜವನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಬರಿದಾದ ನೆಲಕ್ಕೆ ಜಾಲಿಮುಳ್ಳು ನಡೆದು ಬಂತು. ಹೌದು, ಬೇರು ಕಿತ್ತುಕೊಂಡು ನಡೆದೇ ಬಂತು. ಕುರಿಗಳು ದಿನವಿಡೀ ಮೇದರೂ ಹೊಟ್ಟೆ ತುಂಬಲಿಲ್ಲ.

"ದೇವರು ಮುನಿದಿದ್ದಾನೆ" ಎಂದರು ಕೆಲವರು. "ಕುರಿಗಳೇ ಹುಲ್ಲನ್ನು ತಿಂದು ಮುಗಿಸಿದವು" ಎಂದ ಮಂತ್ರಿ. ರಾಜ ಮಂತ್ರಿಯ ಮಾತು ನಂಬಿ, ಬರುವ ಹುಣ್ಣಿಮೆಯೊಳಗೆ ಅರ್ಧ ಕುರಿಗಳನ್ನು ಕಡಿಯಬೇಕೆಂದು ಡಂಗುರ ಸಾರಿಸಿದ.

ಯಾರ ಮಾತು ನಿಜವೋ ಮಾಳವ್ವನಿಗೆ ತಿಳಿಯಲಿಲ್ಲ. ನೆಲಕ್ಕೆ ಕಿವಿಯಿಟ್ಟಳು. ಹುಲ್ಲು ಮಾತಾಡುತ್ತಿತ್ತು.

"ಇದು ಏಳುವ ಹೊತ್ತೋ, ಮಲಗುವ ಹೊತ್ತೋ? ಯಾರಾದರೂ ಹೇಳಿರಪ್ಪಾ!"

"ನನಗೂ ತಿಳಿಯದಲ್ಲ! ಯಾರನ್ನು ಕೇಳಲಿ?" ಎಂದಳು ಮಾಳವ್ವ.

"ಬಿಸಿಗಾಳಿ ಉರಿಗುಡ್ಡದಿಂದ ಬೀಸುತ್ತಿದೆ. ಅಲ್ಲಿಗೆ ಹೋಗಿ ಕೇಳು."

ತಾತ ಬುತ್ತಿ ಕಟ್ಟಿಕೊಟ್ಟ. "ಹಾದಿಯಲ್ಲಿ ಮೂರು ಮಾಯಾಮೃಗಗಳು ಇದ್ದಾವಂತೆ, ಹುಷಾರು ಮಗಾ" ಎಂದ.

ಮೊದಲು ಎದುರಾದದ್ದು ತಾಮ್ರದ ಕೊಂಬಿನ ಕೃಷ್ಣಮೃಗ. "ಈಗ ಯಾವ ಕಾಲ?" ಎಂದು ಕೇಳಿತು.

ಮಾಳವ್ವ ಬೆರಳಲ್ಲಿ ತಿಂಗಳು ಎಣಿಸಿದಳು. "ಮಾಘ ಮಾಸ. ಚಳಿಗಾಲ."

"ಹಾಗಾದರೆ ನಿನ್ನ ಮೈಯೇಕೆ ಬೆವರುತ್ತಿದೆ? ತಪ್ಪು!" ಎಂದು ಅದು ಅವಳ ನೆರಳನ್ನು ಕೊಂಬಿನಿಂದ ಕತ್ತರಿಸಿಕೊಂಡು ಹಾದಿ ಬಿಟ್ಟಿತು.

ಮುಂದೆ ಅರಮನೆ ಬಾಗಿಲಷ್ಟು ಎತ್ತರದ ಎರೆಭೂತ ಎಂಬ ಹುಲ್ಲುಗಾವಲಿನ ಹಕ್ಕಿ ನಿಂತಿತ್ತು. "ಈಗ ಯಾವ ಕಾಲ?"

ಬೆವರು ಒರೆಸಿಕೊಂಡು ಮಾಳವ್ವ, "ಬೇಸಿಗೆ" ಎಂದಳು. ಹಕ್ಕಿ ರೆಕ್ಕೆ ಬಿಚ್ಚಿತು. ಪಟಪಟನೆ ಆಲಿಕಲ್ಲು ಉದುರಿ ಹಾದಿಯೆಲ್ಲ ಚಳಿ ಕೊರೆಯತೊಡಗಿತು.

"ಇಂಥ ಚಳಿಯ ಬೇಸಿಗೆಯುಂಟೇ? ತಪ್ಪು!" ಎಂದು ಅದು ಮನೆಯ ದಾರಿಯನ್ನು ಅವಳ ನೆನಪಿನಿಂದ ಕುಕ್ಕಿ ನುಂಗಿತು.

ಮಾಳವ್ವ ಬಯಲ ನಡುವೆ ಕುಸಿದು ಕೂತಳು. ಬೆನ್ನು ಸುಡುತ್ತಿತ್ತು, ಅಂಗಾಲು ಮರಗಟ್ಟಿತ್ತು. ನೆರಳಿಲ್ಲದೆ ಮೂಡಣ ಯಾವುದು, ಪಡುವಣ ಯಾವುದು ಎಂದು ತಿಳಿಯದು. ಬಂದದ್ದೆಲ್ಲಿಂದ? ಅದೂ ತಿಳಿಯದು. ಎಣಿಸಿ ಹೇಳಿದರೂ ತಪ್ಪು, ನೋಡಿ ಹೇಳಿದರೂ ತಪ್ಪು. ಇನ್ನು ಹೇಗೆ ಹೇಳುವುದು?

ಆಗ ಬೂದಿ ಬಣ್ಣದ ತೋಳ ಬಂದು ಕೇಳಿತು. "ಈಗ ಯಾವ ಕಾಲ?"

"ಗೊತ್ತಿಲ್ಲ. ಹುಲ್ಲಿಗೂ ಗೊತ್ತಿಲ್ಲ. ಗೊತ್ತಿದೆ ಅಂತ ಎರಡು ಸಲ ಹೇಳಿ ಕೆಟ್ಟೆ. ಬೇಕಾದರೆ ತಿಂದುಬಿಡು" ಎಂದಳು ಮಾಳವ್ವ.

ತೋಳ ಅವಳ ಪಕ್ಕದಲ್ಲೇ ಕೂತಿತು. "ನನಗೂ ಗೊತ್ತಿಲ್ಲ, ತಾಯಿ. ಮರಿ ಮಾಡುವ ಕಾಲ ಯಾವುದೆಂದು ತಿಳಿಯದೆ ನಾವು ಮೂವರೂ ಬಂದಬಂದವರನ್ನೆಲ್ಲ ಕೇಳುತ್ತಿದ್ದೇವೆ. ಎಲ್ಲರೂ ತಿಳಿದವರಂತೆ ಹೇಳಿ ಮೋಸ ಮಾಡಿದರು. ನನ್ನ ಬೆನ್ನೇರು, ಗುಡ್ಡಕ್ಕೆ ಹೋಗೋಣ."

ಉರಿಗುಡ್ಡದ ಮೇಲೆ ಉರಿಜಂಘನೆಂಬ ಮಾಯಾವಿ ದೊಡ್ಡ ಕುಲುಮೆಗೆ ಉರಿಯುವ ಕರಿಗಲ್ಲು ತುಂಬುತ್ತಿದ್ದ. ಅದು ಭೂಮಿಯ ಹೊಟ್ಟೆ ಬಗೆದು ತೆಗೆದ ಕಲ್ಲು. ಅದರ ಹೊಗೆ ಆಕಾಶಕ್ಕೆ ಕಂಬಳಿ ಹೊದಿಸಿತ್ತು. ಕೆಳಗಿನ ಸೆಕೆ ಮೇಲೇರಲು ದಾರಿಯೇ ಇರಲಿಲ್ಲ. ಕಾಲಗಳೆಲ್ಲ ಕಲಸಿಹೋದದ್ದು ಅದಕ್ಕೇ.

"ನಿಲ್ಲಿಸು!" ಎಂದು ಮಾಳವ್ವ ಕೋಲೆತ್ತಿದಳು.

ಉರಿಜಂಘ ನಕ್ಕ. "ನಿಮ್ಮ ರಾಜ್ಯದ ಆರದ ದೀಪಗಳಿಗೆ ಬೆಂಕಿ ಹೋಗುವುದು ಇಲ್ಲಿಂದಲೇ. ಅರಮನೆಯಲ್ಲಿ ಸಾವಿರ, ನಿನ್ನ ಗುಡಿಸಲಲ್ಲೂ ಒಂದು. ಎಣ್ಣೆ ಬೇಡ, ಬತ್ತಿ ಬೇಡ ಎಂದು ಹಿಗ್ಗಿದವರು ನೀವೇ ಅಲ್ಲವೇ? ಅವು ಉರಿಯುವ ತನಕ ನನಗೆ ಸಾವಿಲ್ಲ."

ಮಾಳವ್ವನ ಕೋಲು ಎತ್ತಿದಲ್ಲೇ ನಿಂತಿತು. ಹೊಡೆಯುವುದು ಯಾರಿಗೆ? ಇವನಿಗೋ, ರಾಜನಿಗೋ, ತನಗೋ? ಕೊನೆಗೆ, "ನಡಿ, ಊರಿಗೆ" ಎಂದು ತೋಳದ ಬೆನ್ನೇರಿದಳು. ಮನೆಯ ದಾರಿ ಅವಳಿಗೆ ನೆನಪಿಲ್ಲ; ತೋಳ ಅವಳ ಹೆಜ್ಜೆಯ ವಾಸನೆ ಹಿಡಿದು ಓಡಿತು. ಮಾಯಾವಿ ಕಿಡಿಗಳ ಸುಂಟರಗಾಳಿಯಾಗಿ ಬೆನ್ನಟ್ಟಿದ.

ಗುಡಿಸಲಿನ ದೀಪವನ್ನು ಕೈಯಲ್ಲಿ ಹಿಡಿದು ಮಾಳವ್ವ ರಾಜಸಭೆಗೆ ನುಗ್ಗಿ ಕಂಡದ್ದನ್ನೆಲ್ಲ ಹೇಳಿದಳು. ಹಿಂದೆಯೇ ಬಂದ ಉರಿಜಂಘ ಗುಡುಗಿದ. "ಇವಳಿಗೆ ಹುಚ್ಚು! ದೀಪ ಆರಿಸಿದರೆ ಕತ್ತಲಲ್ಲಿ ಸಾಯುತ್ತೀರಿ!"

ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಮಾಳವ್ವನಿಗೆ ಆಗಲೂ ತಿಳಿಯದು. ಉಫ್ ಎಂದು ಊದಿದಳು. ಮಾಯಾವಿಯ ಕಿರುಬೆರಳು ಬೂದಿಯಾಗಿ ಉದುರಿತು.

ಸಭೆ ಬೆಚ್ಚಿಬಿದ್ದಿತು. ರಾಣಿ ಎದ್ದು ತನ್ನ ದೀಪ ಊದಿದಳು, ಮಾಯಾವಿಯ ಅಂಗೈ ಉದುರಿತು. ಸುದ್ದಿ ಬೀದಿಗೆ ಹಬ್ಬಿತು. ಜನ ತಮ್ಮ ತಮ್ಮ ದೀಪ ಊದಿದರು, ಬೈದಾಡಿಕೊಂಡು ಊದಿದರು, ಅಳುತ್ತ ಊದಿದರು. ಕೊನೆಗೆ ಸಿಂಹಾಸನದ ದೀಪವೊಂದೇ ಉಳಿಯಿತು.

"ಇದನ್ನೂ ಆರಿಸಿದರೆ ಹುಲ್ಲು ಸರಿಹೋಗುತ್ತದೆಯೇ?" ರಾಜ ಮೆಲ್ಲಗೆ ಕೇಳಿದ.

"ನಾಳೆಯೇ ಹೋಗುತ್ತದೆ ಅಂತ ಹೇಳಲಾರೆ, ಪ್ರಭು. ಇದು ಉರಿಯುತ್ತಿದ್ದರೆ ಎಂದಿಗೂ ಹೋಗುವುದಿಲ್ಲ."

ರಾಜ ಕಣ್ಣು ಮುಚ್ಚಿ ಊದಿದ. ಉರಿಜಂಘ ನಿಂತಲ್ಲೇ ಬೂದಿಗುಡ್ಡೆಯಾದ. ಮಾಳವ್ವನ ನೆರಳೂ ನೆನಪೂ ಅವಳನ್ನು ಹುಡುಕಿಕೊಂಡು ಬಂದವು. ಕುರಿ ಕಡಿಯುವ ಆಜ್ಞೆಯನ್ನು ರಾಜ ಅಲ್ಲೇ ಹಿಂದಕ್ಕೆ ಪಡೆದ.

ಆದರೆ ಹೊಗೆಯ ಕಂಬಳಿ ಒಮ್ಮೆಗೇ ಹರಿಯಲಿಲ್ಲ. ಮುಳ್ಳು ನಡೆಯುವುದನ್ನು ನಿಲ್ಲಿಸಿತೇ ಹೊರತು ತಾನಾಗಿ ಹೋಗಲಿಲ್ಲ. ರಾಜ, ಮಂತ್ರಿ, ಕುರಿಗಾಹಿ ಎನ್ನದೆ ಎಲ್ಲರೂ ಅಂಗೈ ರಕ್ತ ಮಾಡಿಕೊಂಡು ಕಿತ್ತರು. ಎಷ್ಟೋ ಕಾಲದ ಮೇಲೆ ಒಂದು ಮುಂಗಾರು ತನ್ನ ಹೊತ್ತಿಗೆ ಸರಿಯಾಗಿ, ತಣ್ಣಗೆ, ಹದವಾಗಿ ಸುರಿಯಿತು. ನೆಲದಡಿ ಉಳಿದಿದ್ದ ಬೇರುಗಳು ಕುಡಿಯೊಡೆದವು. ತೋಳದ ಮರಿಗಳು ಬೆಳೆದ ಹುಲ್ಲಲ್ಲಿ ಉರುಳಾಡಿದವು. ಕುರಿಮರಿಗಳು ಹೊಟ್ಟೆ ಬಿರಿಯೆ ಮೇದು ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದವು. ಗರಿಕೆನಾಡಿನವರು ನೂರ್ಕಾಲ ಸುಖವಾಗಿ ಬಾಳಿದರು.

ಕತೆ ಹೇಳಿದವರ ಹೊಟ್ಟೆ ತಣ್ಣಗಿರಲಿ, ಕೇಳಿದವರ ನೆತ್ತಿ ತಂಪಾಗಿರಲಿ.