ಲೈನ್ ಕ್ಲಿಯರ್ ಅದ ಏನ್ರೀ?

“ಮೇಡಂ, ಲೈನ್ ಕ್ಲಿಯರ್ ಅದ ಏನ್ರೀ?”

ಮಾನ್ವಿ ಬಸ್ ನಿಲ್ದಾಣದಲ್ಲಿ ತನ್ನೂರು ದೇವದುರ್ಗದ ಬಸ್ಸು ಎಷ್ಟೊತ್ತಿಗೆಂದು ಶೇಂಗಾ ಮಾರುವವನನ್ನು ವಿಚಾರಿಸುತ್ತಿದ್ದ ಕಲ್ಯಾಣಿ ಗಕ್ಕನೆ ತಿರುಗಿದಳು. ಗುರುತಿಲ್ಲದ ಮುಖ. ಅದರ ಮೇಲೊಂದು ನಗು ಬೇರೆ... ಸಿಟ್ಟು ನೆತ್ತಿಗೇರಿತು.

“ಲೈನ್ ಹೊಡಿಯಾಕ ನಿಮಗ ಬಸ್ ಸ್ಟ್ಯಾಂಡೇ ಬೇಕಾಗಿತ್ತೇನು? ಮನ್ಯಾಗ ಅಕ್ಕ ತಂಗ್ಯಾರಿಲ್ಲ?”

“ಹಂಗಲ್ರೀ... ನಾ ಲೈನ್‌ಮನ್...”

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. “ಲೈನ್ ಹೊಡಿಯೋದ ಅವನ ನೌಕರಿ ಅಂತವಾ,” ಎಂದ ಶೇಂಗಾ ಮಾರುವವನು. ಆ ತರುಣನ ಮುಖ ಬಾಡಿತು. ತಲೆ ತಗ್ಗಿಸಿ ಹೊರಟೇಹೋದ.

ಕಲ್ಯಾಣಿಯ ಸಿಟ್ಟು ಸುಮ್ಮನೆ ಬಂದದ್ದಲ್ಲ. ಮಾನ್ವಿ ಹತ್ತಿರದ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಅವಳು ಆಪರೇಟರ್. ತಂತಿಯ ಕರೆಂಟ್ ತೆಗೆದು, ‘ಇನ್ನು ಕಂಬ ಹತ್ತಬಹುದು’ ಎಂದು ಲೈನ್‌ಮನ್ನನಿಗೆ ಮಾತು ಕೊಡುವುದೇ ಲೈನ್ ಕ್ಲಿಯರ್. ಕೆಲಸ ಮುಗಿಸಿ ಇಳಿದವನು ಅದನ್ನು ವಾಪಸ್ ಕೊಟ್ಟ ಮೇಲೇ ಮತ್ತೆ ಕರೆಂಟ್. ಒಂದು ಜೀವ ನಂಬುವ ಮಾತದು. ಅದೇ ಪದ ಚೇಷ್ಟೆಯವರ ಬಾಯಿಗೆ ಬಿದ್ದರೆ ಮುಗಿಯಿತು! ಲೈನ್ ಹೊಡೀತಾನ, ಲೈನ್ ಕೊಡ್ತಾಳ, ಲೈನಿಗೆ ಬಂದ್ಲು... ರಾಯಚೂರಿನ ಟ್ರೇನಿಂಗಿನಿಂದ ಇಲ್ಲಿಯವರೆಗೂ ಕೇಳಿ ಕೇಳಿ ಅವಳ ಕಿವಿ ಸುಟ್ಟಿತ್ತು. ಪುಟ್ಟ ಇಂಗ್ಲಿಷ್ ಪದಕ್ಕೆ ನೂರು ಅರ್ಥ, ಅವಮಾನ ಮಾತ್ರ ತನಗೊಬ್ಬಳಿಗೆ ಯಾಕೆ?

ಹಾಗೆ ಚೇಷ್ಟೆ ಮಾಡದವನು ಒಬ್ಬನೇ. ಕವಿತಾಳ ಊರಿನ ಲೈನಿನ ಕಿರಣಕುಮಾರ. ಮುಖ ನೋಡಿಲ್ಲ, ಆರು ತಿಂಗಳಿಂದ ಫೋನಿನ ದನಿಯಷ್ಟೇ. “ಕೆಲಸ ಮುಗೀತ್ರೀ, ಲೈನ್ ಕ್ಲಿಯರ್ ವಾಪಸ್. ನೀವು ಉಂಡ್ರೇನು?” ಎನ್ನುತ್ತಿದ್ದ. ಆ ಕೊನೆಯ ಮಾತಿಗಾಗಿ ಅವಳು ಬುತ್ತಿ ಬಿಚ್ಚದೆ ಕಾಯುತ್ತಿದ್ದಳು.

ಮರುದಿನ ಕವಿತಾಳ ಲೈನಿನಿಂದ ಲೈನ್ ಕ್ಲಿಯರ್ ಕೇಳಿ ಫೋನ್ ಮಾಡಿದವರು ಹಿರಿಯ ಲೈನ್‌ಮನ್ ಮಹಾಂತಯ್ಯ.

“ಕಂಬ ಹತ್ತಾವರು ಯಾರ್ರೀ?”

“ನಮ್ಮ ಕಿರಣಕುಮಾರವಾ.”

“ಹಂಗಾದ್ರ ಅವರೇ ಕೇಳಬೇಕು. ಒಬ್ಬರು ಕೇಳಿ ಇನ್ನೊಬ್ಬರು ಹತ್ತಿದ್ರ ಹೆಣ ಬೀಳತಾವ.”

“ಅಂವ ಮಾತಾಡಲ್ಲ ಅಂತಾನ. ನಿನ್ನಿ ಬಸ್ ಸ್ಟ್ಯಾಂಡಿನ್ಯಾಗ ನಿನ್ನ ದನಿ ಗುರುತು ಹಿಡದು ಮಾತಾಡಿಸಿದ್ನಂತ. ನೀ ಮಂದಿ ಮುಂದ...”

ಅಯ್ಯೋ, ಅವನೇ ಇವನು! ಬಸ್ಸುಗಳ ಗದ್ದಲದಲ್ಲಿ ಆ ದನಿ ತನಗೇಕೆ ತಿಳಿಯಲಿಲ್ಲ? ಕಲ್ಯಾಣಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಮತ್ತೆ ಸಿಟ್ಟು.

“ಮುನಿಸು ಮನ್ಯಾಗ ಇಟ್ಟು ಬರ್ರಿ ಅಂತ ಹೇಳ್ರಿ. ಅವರ ಬಾಯಿಂದ ಕೇಳೋ ತನಕ ಲೈನ್ ಕ್ಲಿಯರ್ ಕೊಡಂಗಿಲ್ಲ.”

ಫೋನ್ ಕೈ ಬದಲಾಯಿತು. ಕೊನೆಗೆ ಆ ದನಿ.

“ಕಿರಣಕುಮಾರ ರೀ. ಕವಿತಾಳ ಲೈನ್. ಕ್ಲಿಯರ್ ಕೊಡ್ರಿ.”

ಕೊಟ್ಟಳು. ಅವನು ಕಂಬದಿಂದ ಇಳಿಯುವವರೆಗೆ ಸ್ವಿಚ್ಚಿನ ಮುಂದಿನಿಂದ ಕದಲಲಿಲ್ಲ. ಮಧ್ಯಾಹ್ನ ಅವನು “ವಾಪಸ್ ರೀ” ಅಂದ, ಅಷ್ಟೇ. ಉಂಡ್ರೇನು ಎನ್ನಲಿಲ್ಲ. ಕಲ್ಯಾಣಿ ಅವನಿಗೆ ಫೋನ್ ಇಡಗೊಡಲಿಲ್ಲ.

“ಸಂಜಿ ಮುಂದ ಸಬ್‌ಸ್ಟೇಷನ್ ಗೇಟಿಗೆ ಬರ್ರಿ. ನಿಮ್ಮನ್ನ ಬೈಯೋದು ಇನ್ನೂ ಬಾಕಿ ಅದ.”

ಅವನು ಬಂದ.

“ಹೆಸರು ಹೇಳಾಕ ಏನ್ ಧಾಡಿ ಆಗಿತ್ತು ನಿಮಗ?”

“ದಿನಾ ಅದ ಮಾತು ಕೇಳ್ತೀನಲ್ರೀ... ಗುರುತು ಹಿಡೀತೀರಿ ಅಂದ್ಕೊಂಡೆ.”

“ನಿಮಗದು ಕೆಲಸದ ಮಾತು. ನಾಕು ಮಂದ್ಯಾಗ ನನಗದು ಬೈಗುಳ.”

“ತಪ್ಪಾತು. ಆದ್ರ ಆ ಮಾತು ನಂಬಿ ನಾ ದಿನಾ ತಂತಿ ಮುಟ್ಟತೀನಿ. ಅದರ ಮ್ಯಾಲ ಚೇಷ್ಟಿ ಹೆಂಗ ಮಾಡ್ಲಿ?”

ಕಲ್ಯಾಣಿಯ ಕಣ್ಣು ತುಂಬಿತು. “ನಾನೂ ಕೇಳದ ಅನ್ನಬಾರದಿತ್ತು,” ಎಂದಳು ಮೆಲ್ಲಗೆ.

“ಒಂದು ಕೇಳಬೇಕಾಗಿತ್ರೀ...”

“ಮೊದಲು ಹೆಸರು.”

“ಕಿರಣಕುಮಾರ.”

“ಕೆಲಸ?”

“ನಮ್ಮ ಯವ್ವನ್ನ ದೇವದುರ್ಗಕ್ಕ ಕರ್ಕೊಂಡು ಬಂದು ನಿಮ್ಮ ಮನ್ಯಾಗ ಹೆಣ್ಣು ಕೇಳೋದು. ಲೈನ್ ಕ್ಲಿಯರ್ ಅದ ಏನ್ರೀ?”

ಈ ಸಲ ಆ ಪದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ.

“ಕೊಟ್ಟೀನಿ. ವಾಪಸ್ ಯಾವಾಗ?”

“ವಾಪಸ್ ಕೊಡಂಗಿಲ್ರೀ.” ಅವನು ನಕ್ಕ. “ನೀವು ಉಂಡ್ರೇನು?”

“ಮಧ್ಯಾಹ್ನ ನೀವು ಕೇಳಲೇ ಇಲ್ಲ... ಹೆಂಗ ಉಣ್ಲಿ?”